ಚೀಲಕ್ಕೆ ಅವಸರ, ರಕ್ತಕ್ಕೆ ತಡ: ಪಾಳಾ ಸೀಮೆಯ ಮುಟ್ಟಿನ ಲೆಕ್ಕ

ಮುಂಡಗೋಡ ತಾಲೂಕಿನ ಪಾಳಾ ಮತ್ತು ಅದರ ಸುತ್ತಲಿನ ಹಳ್ಳಿ, ತಾಂಡಾ, ಗೌಳಿವಾಡಗಳಿಂದ 15ರಿಂದ 49 ವಯಸ್ಸಿನೊಳಗಿನ 1,000 ಹೆಂಗಸರನ್ನು ಲೆಕ್ಕಕ್ಕಾಗಿ ಒಂದೆಡೆ ಸೇರಿಸಿದ್ದೇವೆ ಎಂದುಕೊಳ್ಳೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಈ ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಆ ಪ್ರಮಾಣ ಇಲ್ಲಿಗೂ ಹೊಂದುವುದಾದರೆ 1,000ದಲ್ಲಿ 478 ಮಂದಿಯ ಮೈಯಲ್ಲಿ ರಕ್ತ ಕಮ್ಮಿ. ಮುಟ್ಟು ಅತಿಯಾಗುವುದು, ದಿನ ತಪ್ಪಿ ಬರುವುದು, ನಡುನಡುವೆ ಕಾಣಿಸಿಕೊಳ್ಳುವುದು ಇವನ್ನೆಲ್ಲ ಸೇರಿಸಿದರೆ ವೈದ್ಯಶಾಸ್ತ್ರ ಸಾಮಾನ್ಯವಾಗಿ ಹೇಳುವ ಪ್ರಮಾಣ ಶೇ 10ರಿಂದ 30. ಅಂದರೆ ನಮ್ಮ 1,000ದಲ್ಲಿ 100ರಿಂದ 300 ಮಂದಿ. ಇದೇ ಸಮೀಕ್ಷೆಯಲ್ಲಿ ದೇಶದ ಮಟ್ಟದಲ್ಲಿ ಗರ್ಭಚೀಲ ತೆಗೆಸಿಕೊಂಡವರು ಶೇ 3.3, ನಮ್ಮ ಲೆಕ್ಕದಲ್ಲಿ 33 ಮಂದಿ. ದೇಶದಲ್ಲಿ 30ರಿಂದ 49 ವಯಸ್ಸಿನವರ ಪೈಕಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ 1.9 ಮಾತ್ರ. ವಯಸ್ಸಿನ ಗುಂಪು ಬೇರೆ ಬೇರೆಯಾದ್ದರಿಂದ ಈ ಎರಡನ್ನು ನೇರವಾಗಿ ಕಳೆದು ಕೂಡಿಸಲಾಗದು. ಆದರೂ ಪರೀಕ್ಷೆಗೆ ಸಿಕ್ಕವರಿಗಿಂತ ಚೀಲ ಕಳೆದುಕೊಂಡವರ ಪ್ರಮಾಣವೇ ದೊಡ್ಡದಾಗಿರುವ ದೇಶ ನಮ್ಮದು. ನನ್ನನ್ನು ಈ ಲೆಕ್ಕಕ್ಕೆ ಕೂರಿಸಿದ್ದು ಅದೇ.

ಮುಂಡಗೋಡ ತಾಲೂಕು ಉತ್ತರ ಕನ್ನಡಕ್ಕೆ ಸೇರಿದ್ದರೂ ಕಾಯಿಲೆ ಬಿದ್ದವರ ದಾರಿ ಕಾರವಾರದ ಕಡೆಗಿಲ್ಲ. ಜಿಲ್ಲಾಕೇಂದ್ರಕ್ಕೆ ಘಟ್ಟ ಇಳಿಯಬೇಕು. ಹುಬ್ಬಳ್ಳಿ ಸುಮಾರು 50 ಕಿಲೋಮೀಟರ್, ಶಿರಸಿಯೂ ಹೆಚ್ಚುಕಡಿಮೆ ಅಷ್ಟೇ. ಪೂರ್ವಕ್ಕೆ ಹಾನಗಲ್, ಶಿಗ್ಗಾಂವಿ, ಹಾವೇರಿ. ಹೀಗಾಗಿ ಇಲ್ಲಿನ ಹೆಂಗಸರ ಸ್ಕ್ಯಾನಿಂಗ್ ಚೀಟಿ, ಔಷಧದ ಚೀಟಿ, ಆಪರೇಶನ್ನಿನ ಸಾಲ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿರುತ್ತವೆ. ಒಂದು ಆಸ್ಪತ್ರೆಯಲ್ಲಿ ಆರಂಭವಾದ ತಪಾಸಣೆ ಇನ್ನೊಂದರಲ್ಲಿ ಮೊದಲಿನಿಂದ ಶುರುವಾಗುತ್ತದೆ. ಮೂರನೆಯ ಕಡೆ, "ಗರ್ಭಚೀಲಕ್ಕ ಬಾವು ಬಂದೇತ್ರಿ, ತೆಗಿಸಿಬಿಡ್ರಿ" ಎಂಬ ಮಾತಿನಲ್ಲಿ ಮುಗಿಯುತ್ತದೆ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ಒಂದೇ. ಇಂಥ ರಕ್ತಸ್ರಾವದ ಕಾರಣಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲದವು. ಹಾಗಾಗಿ ಚೀಲದ ವಿಷಯದಲ್ಲಿ ಯೋಚಿಸಲು ಸಮಯವಿದೆ. ಸಮಯವಿಲ್ಲದಿರುವುದು ರಕ್ತಹೀನತೆಗೆ. ನಡೆಯುತ್ತಿರುವುದು ಮಾತ್ರ ಇದರ ತಿರುವುಮುರುವು.

ಎಷ್ಟು ಹೋದರೆ ಹೆಚ್ಚು?

ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ಮಿ.ಲೀ. ದಾಟಿದರೆ ಅತಿಸ್ರಾವ ಎಂದು ಗುರುತಿಸುತ್ತಾರೆ. ಈ 80ರ ಗೆರೆ ಎಳೆದದ್ದು 1960ರ ದಶಕದಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ನಗರದ 476 ಹೆಂಗಸರ ಮೇಲೆ ನಡೆದ ಅಳತೆ. ಅದಕ್ಕಿಂತ ಹೆಚ್ಚು ಹೋಗುವವರಲ್ಲಿ ರಕ್ತಹೀನತೆ ಎದ್ದು ಕಂಡಿತ್ತು. ಮುಟ್ಟಿನ ಅಂತರ 24ರಿಂದ 38 ದಿನ, ಸ್ರಾವ 8 ದಿನದೊಳಗೆ ಇದ್ದರೆ ಸರಿ ಎಂಬುದು ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವಾದ ಫಿಗೋ 2018ರಲ್ಲಿ ಪರಿಷ್ಕರಿಸಿದ ಮಾನದಂಡ.

ಮನೆಯಲ್ಲಿ ಮಿಲಿಲೀಟರ್ ಅಳೆಯುವವರು ಯಾರೂ ಇಲ್ಲ. ಅದಕ್ಕೆಂದೇ 1990ರಲ್ಲಿ ಬ್ರಿಟನ್ನಿನಲ್ಲಿ ಚಿತ್ರಪಟದ ಒಂದು ಲೆಕ್ಕ ತಯಾರಾಯಿತು. ಪ್ಯಾಡಿಗೆ ಸ್ವಲ್ಪ ಕಲೆ ತಾಗಿದ್ದರೆ 1 ಅಂಕ, ಅರ್ಧ ನೆನೆದಿದ್ದರೆ 5, ಪೂರ್ತಿ ತೊಯ್ದಿದ್ದರೆ 20. ಸಣ್ಣ ಹೆಪ್ಪಿಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನಲ್ಲಿ ಒಟ್ಟು 100 ದಾಟಿದರೆ 80 ಮಿ.ಲೀ. ದಾಟಿರಬಹುದೆಂದು ಅರ್ಥ. ಮೊದಲ ದಿನ ಅರ್ಧ ನೆನೆದ ಐದು ಪ್ಯಾಡು, ಅಲ್ಲಿಗೆ 25. ಎರಡನೆಯ ದಿನ ಪೂರ್ತಿ ತೊಯ್ದ ನಾಲ್ಕು, 80. ಮೂರನೆಯ ದಿನ ಅಂಥವೇ ಮೂರು, 60. ನಾಲ್ಕನೆಯ ದಿನ ಅರ್ಧ ನೆನೆದ ಮೂರು, 15. ಐದನೆಯ ದಿನ ಕಲೆ ತಾಗಿದ ಎರಡು, 2. ಎರಡು ದೊಡ್ಡ ಹೆಪ್ಪು, 10. ಒಟ್ಟು 192. ಹೀಗೆ ಹೋಗುವವರು ನಮ್ಮಲ್ಲಿ "ಸ್ವಲ್ಪ ಜಾಸ್ತಿ ಹೋಗ್ತದ ಅಷ್ಟ" ಎನ್ನುತ್ತಾರೆ. ತಾಯಿಗೂ ಹಾಗೇ ಆಗುತ್ತಿತ್ತು, ಅಕ್ಕನಿಗೂ ಆಗುತ್ತದೆ. ಎಲ್ಲರಿಗೂ ಆಗುವುದೇ ಸರಿಯೆಂದು ತೋರುವುದು ಸಹಜ.

ಈ ಲೆಕ್ಕ ಪ್ಯಾಡಿನದು. ಬಟ್ಟೆ ಬಳಸುವವರಿಗೆ ಇದು ಹೊಂದದು. ಅವರು ಗಮನಿಸಬೇಕಾದವು ಬೇರೆ: ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುತ್ತದೆಯೇ? ರಾತ್ರಿ ಅದಕ್ಕಾಗಿಯೇ ಏಳಬೇಕೇ? ಹಾಸಿಗೆ ಕಲೆಯಾಗುತ್ತದೆಯೇ? ಹೆಪ್ಪು ಹೆಪ್ಪಾಗಿ ಬೀಳುತ್ತದೆಯೇ? ಕಳೆ ತೆಗೆಯುವ ಆಳಿನ ಲೆಕ್ಕಕ್ಕೆ ಆ ದಿನಗಳಲ್ಲಿ ಹೋಗಲಾಗುತ್ತದೆಯೇ? ಇವುಗಳಲ್ಲಿ ಎರಡಕ್ಕೆ ಹೌದೆಂದರೂ ರಕ್ತ ಪರೀಕ್ಷೆಗೆ ಕಾರಣ ಸಿಕ್ಕಂತೆ. ಪ್ಯಾಡಿನ ಖರ್ಚಿನ ಬಗ್ಗೆ ಹೇಳುವುದಾದರೆ, ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟಿನಿಂದ ಒಂದಕ್ಕೆ ₹1ರಂತೆ ಸಿಗುತ್ತದೆ.

ಕಬ್ಬಿಣದ ಜಮಾ-ಖರ್ಚು

ಈಗ ನಿಜವಾದ ಲೆಕ್ಕಕ್ಕೆ ಬರೋಣ. 45 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಸುಮಾರು 2.9 ಲೀಟರ್ ರಕ್ತವಿರುತ್ತದೆ. ತಿಂಗಳಿಗೆ 160 ಮಿ.ಲೀ. ಹೋಗುವವಳಿಗೆ ವರ್ಷಕ್ಕೆ ಹೋಗುವುದು 1,920 ಮಿ.ಲೀ. ಮೈಯ ಒಟ್ಟು ರಕ್ತದ ಮೂರರಲ್ಲಿ ಎರಡು ಪಾಲನ್ನು ಅವಳು ಪ್ರತಿವರ್ಷ ಹೊಸದಾಗಿ ತಯಾರಿಸಿಕೊಳ್ಳಬೇಕು.

ತಯಾರಿಸಲು ಬೇಕಾದದ್ದು ಕಬ್ಬಿಣ. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹಿಮೋಗ್ಲೋಬಿನ್ 12 ಇರುವಾಗ 35 ಮಿ.ಲೀ. ರಕ್ತದ ಜೊತೆ ಹೋಗುವ ಕಬ್ಬಿಣ 14 ಮಿ.ಗ್ರಾಂ, 80ರ ಜೊತೆ 33, 160ರ ಜೊತೆ 65. ಕೊನೆಯದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 2.2 ಮಿ.ಗ್ರಾಂ. ಮುಟ್ಟಿಲ್ಲದಿದ್ದರೂ ಚರ್ಮ, ಕರುಳಿನಿಂದ ದಿನಕ್ಕೆ 0.8ರಷ್ಟು ಹೋಗುತ್ತಲೇ ಇರುತ್ತದೆ. ಒಟ್ಟು ಖರ್ಚು ದಿನಕ್ಕೆ 3 ಮಿ.ಗ್ರಾಂ.

ಜಮಾ ಎಷ್ಟು? ಮುಂಡಗೋಡ ಭತ್ತದ ಸೀಮೆ. ಕೂರಿಗೆಯಲ್ಲಿ ಬಿತ್ತಿದ ಭತ್ತ, ಈಚೆಗೆ ಎಲ್ಲೆಲ್ಲೂ ಗೋವಿನಜೋಳ. ಊಟದಲ್ಲಿ ಅನ್ನವೇ ಹೆಚ್ಚು. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿರುವ ಕಬ್ಬಿಣ 0.65 ಮಿ.ಗ್ರಾಂ, ಬಿಳಿಜೋಳದಲ್ಲಿ ಸುಮಾರು 4, ರಾಗಿಯಲ್ಲಿ ಸುಮಾರು 4.6. ಅಂದರೆ ದಿನಕ್ಕೆ 400 ಗ್ರಾಂ ಅಕ್ಕಿಯಿಂದ ಬರುವುದು 2.6, 200 ಗ್ರಾಂ ಜೋಳದ ಹಿಟ್ಟಿನಿಂದ 8. ಬೇಳೆ, ಸೊಪ್ಪು ಸೇರಿಸಿ 15 ಮಿ.ಗ್ರಾಂ ತಲುಪಿತು ಎಂದೇ ಇಟ್ಟುಕೊಳ್ಳಿ. ಅದಷ್ಟೂ ಮೈಗೆ ಹತ್ತುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದ ಪ್ರಮಾಣದಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಎಂದಿರುವುದು ನೂರರಲ್ಲಿ 8 ಪಾಲು ಮಾತ್ರ ಹೀರಿಕೆಯಾಗುತ್ತದೆ ಎಂಬ ಎಣಿಕೆಯ ಮೇಲೆ. 15ರಲ್ಲಿ ಶೇ 8 ಎಂದರೆ 1.2. ಊಟದ ಜೊತೆಗೇ ಚಹಾ ಕುಡಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಷ್ಟ.

ಖರ್ಚು 3, ಜಮಾ 1.2. ದಿನಕ್ಕೆ 1.8 ಮಿ.ಗ್ರಾಂ ಸಾಲ. ಹೆಂಗಸಿನ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಸುಮಾರು 300 ಮಿ.ಗ್ರಾಂ ಇರುತ್ತದೆ. ಅದು ಖಾಲಿಯಾಗಲು ಬೇಕಾಗುವುದು 167 ದಿನ, ಐದೂವರೆ ತಿಂಗಳು. ಭತ್ತ ಬಿತ್ತುವಾಗ ಗಟ್ಟಿಯಾಗಿದ್ದವಳು ಸುಗ್ಗಿಯ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ.

ಅನಿಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಈ ವಯಸ್ಸಿನವರಿಗೆ ವಾರಕ್ಕೊಂದು ಕೆಂಪು ಮಾತ್ರೆ ಇದೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ. ವರ್ಷಕ್ಕೆ 52 ಮಾತ್ರೆ, 3,120 ಮಿ.ಗ್ರಾಂ, ಶೇ 10 ಹೀರಿದರೆ 312. ನಮ್ಮ 160 ಮಿ.ಲೀ. ಹೆಂಗಸಿನ ವರ್ಷದ ಸಾಲ ಸುಮಾರು 650. ವಾರದ ಮಾತ್ರೆಯನ್ನು ಒಂದೂ ತಪ್ಪಿಸದೆ ನುಂಗಿದರೂ ಅರ್ಧ ಸಾಲವೂ ತೀರುವುದಿಲ್ಲ. "ಮಾತ್ರಿ ತಗೊಂಡ್ರೂ ರಕ್ತ ಏರವಲ್ದು" ಎಂದು ಆಶಾ ಕಾರ್ಯಕರ್ತೆಯರ ಮುಂದೆ ಹೇಳುವವರ ಮಾತು ಎಷ್ಟೋ ಸಲ ನಿಜ. ಅವರು ಮಾತ್ರೆ ಎಸೆದಿದ್ದಾರೆಂದು ಗದರುವ ಮೊದಲು ಮುಟ್ಟಿನ ಬಗ್ಗೆ ಕೇಳಬೇಕು. ವಾರದ ಮಾತ್ರೆ ಇರುವುದು ತಡೆಗಟ್ಟಲು. ಚಿಕಿತ್ಸೆಯ ಪ್ರಮಾಣ ಬೇರೆ.

ಆ ಪ್ರಮಾಣ ಎಷ್ಟು? 45 ಕಿಲೋ ತೂಕ, ಹಿಮೋಗ್ಲೋಬಿನ್ 7 ಇರುವವರಿಗೆ ವೈದ್ಯರು ಬಳಸುವ ಸೂತ್ರ ಹೀಗಿದೆ: ಗುರಿ 15ರಿಂದ 7 ಕಳೆದರೆ 8, ಅದನ್ನು 45ರಿಂದಲೂ 2.4ರಿಂದಲೂ ಗುಣಿಸಿದರೆ 864. ಕೂಡಿಡಲು 500 ಸೇರಿಸಿದರೆ 1,364 ಮಿ.ಗ್ರಾಂ. ದಿನಕ್ಕೆ 60ರ ಎರಡು ಮಾತ್ರೆ ನುಂಗಿ 12 ಮಿ.ಗ್ರಾಂ ಹತ್ತಿದರೆ ಇದು ತುಂಬಲು 114 ದಿನ ಬೇಕು. ಅದೂ ಸ್ರಾವ ಹತೋಟಿಗೆ ಬಂದರೆ. ರಕ್ತನಾಳದ ಮೂಲಕ ಕಬ್ಬಿಣ ಏರಿಸುವುದಾದರೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇಂಜೆಕ್ಷನ್ನಿನಲ್ಲಿ ಒಂದೇ ಸಲಕ್ಕೆ 1,000 ಮಿ.ಗ್ರಾಂವರೆಗೆ ಕೊಡಬಹುದು. ಒಂದು ಬಾಟಲಿ ರಕ್ತ ಹಾಕಿದರೆ ಏರುವುದು ಸುಮಾರು 1 ಗ್ರಾಂ. ರಕ್ತವನ್ನು ಮಾರುವಂತಿಲ್ಲ, ಸಂಸ್ಕರಣೆಯ ಶುಲ್ಕ ₹250ರಿಂದ ₹1,550ರೊಳಗಿರಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2024ರ ಜನವರಿಯಲ್ಲಿ ತಾಕೀತು ಮಾಡಿದ್ದಾರೆ. ಶಸ್ತ್ರಚಿಕಿತ್ಸೆಗೆ ಹಿಂದಿನ ದಿನ ಎರಡು ಬಾಟಲಿ ಹಾಕಿ ಮೇಜಿನ ಮೇಲೆ ಮಲಗಿಸುವ ಬದಲು ನಾಲ್ಕು ತಿಂಗಳ ಮೊದಲೇ ಮಾತ್ರೆ ಆರಂಭಿಸಿದ್ದರೆ ರಕ್ತ ಹಾಕುವುದೂ ಬೇಕಾಗುತ್ತಿರಲಿಲ್ಲ, ಎಷ್ಟೋ ಸಲ ಮೇಜೂ ಬೇಕಾಗುತ್ತಿರಲಿಲ್ಲ.

ಒಂಬತ್ತು ಕಾರಣ

ಇಂಥ ಸ್ರಾವಕ್ಕೆ ಕಾರಣಗಳನ್ನು ಫಿಗೋ 2011ರಲ್ಲಿ ಒಂಬತ್ತಾಗಿ ವಿಂಗಡಿಸಿತು. ಸ್ಕ್ಯಾನಿಂಗಿನಲ್ಲೋ ತುಣುಕಿನ ಪರೀಕ್ಷೆಯಲ್ಲೋ ಕಾಣುವಂಥವು ನಾಲ್ಕು: ಒಳಪದರದಿಂದ ಜೋತುಬೀಳುವ ಪಾಲಿಪ್, ಒಳಪದರ ಸ್ನಾಯುವಿನೊಳಕ್ಕೆ ಇಳಿದು ಚೀಲವೇ ದಪ್ಪಗಾಗಿ ನೋವು ಕೊಡುವ ಅಡಿನೊಮಯೋಸಿಸ್, ಫೈಬ್ರಾಯ್ಡ್ ಗಡ್ಡೆ, ಕ್ಯಾನ್ಸರ್ ಮತ್ತು ಅದರ ಮುನ್ಸೂಚನೆ. ಕಾಣದವು ಐದು: ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷ, ಅಂಡ ಬಿಡುಗಡೆಯ ಏರುಪೇರು, ಒಳಪದರದ್ದೇ ತೊಂದರೆ, ಚಿಕಿತ್ಸೆಯಿಂದಾಗಿಯೇ ಬಂದದ್ದು, ಇನ್ನೂ ವಿಂಗಡಣೆಗೆ ಸಿಗದ್ದು. ಒಂಬತ್ತರಲ್ಲಿ ಒಂದೇ ಒಂದು ಕ್ಯಾನ್ಸರಿನ ದಾರಿಯದು. ಕಾಪರ್-ಟಿ ಹಾಕಿಸಿಕೊಂಡ ಮೇಲೆ ಸ್ರಾವ ಹೆಚ್ಚಾಗಿದ್ದರೆ ಅದನ್ನು ತೆಗೆಸಿ ನೋಡಬೇಕು. ಥೈರಾಯ್ಡ್ ಕಮ್ಮಿಯಿದ್ದರೆ ಅದಕ್ಕೆ ಮಾತ್ರೆ. ಈ ಎರಡಕ್ಕೂ ಚೀಲ ತೆಗೆಯುವುದು ಮದ್ದಲ್ಲ. ಹುಡುಗಿಯಾಗಿದ್ದಾಗಿನಿಂದಲೂ ಅತಿಸ್ರಾವವಿದ್ದು, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದವರಲ್ಲಿ ಹೆಪ್ಪುಗಟ್ಟುವ ದೋಷ ಹುಡುಕಬೇಕು.

ಹೆದರಿಕೆಯ ಪ್ರಮಾಣ ಎಷ್ಟು ಎಂಬುದಕ್ಕೂ ಅಂಕಿಯಿದೆ. ಮುಟ್ಟು ನಿಲ್ಲದ ವಯಸ್ಸಿನಲ್ಲಿ ಅಸಹಜ ಸ್ರಾವವಿರುವವರ ಬಗ್ಗೆ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಒಳಪದರದ ಕ್ಯಾನ್ಸರ್ ಇದ್ದದ್ದು ಶೇ 0.33. ಅಂದರೆ 1,000 ಮಂದಿಯಲ್ಲಿ ಮೂವರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಾಣಿಸಿಕೊಂಡವರ ಮಾತು ಬೇರೆ: ಅವರಲ್ಲಿ ನೂರಕ್ಕೆ ಸುಮಾರು 9. ಇವರಿಗೆ ಒಂದು ವಾರವೂ ತಡ ಮಾಡಬಾರದು. ಸಂಭೋಗದ ನಂತರ ರಕ್ತ ಕಾಣಿಸಿದರೂ ಗರ್ಭಕೊರಳನ್ನು ನೋಡಿಸಲೇಬೇಕು. 45 ದಾಟಿದವರಿಗೆ, ಸಕ್ಕರೆ ಕಾಯಿಲೆ ಮತ್ತು ಹೆಚ್ಚು ತೂಕ ಇದ್ದವರಿಗೆ ಒಳಪದರದ ತುಣುಕು ತೆಗೆದು ಪರೀಕ್ಷೆ ಮಾಡಿಸಬೇಕು. ಇದು ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ. ಆದರೆ 32 ವರ್ಷದ ಹೆಂಗಸಿಗೆ, ಯಾವ ತುಣುಕು ಪರೀಕ್ಷೆಯೂ ಇಲ್ಲದೆ, "ಬಿಟ್ರ ಕ್ಯಾನ್ಸರ್ ಆಗ್ತದ" ಎಂದು ಹೇಳುವುದಕ್ಕೆ ಯಾವ ಅಂಕಿಯ ಆಧಾರವೂ ಇಲ್ಲ.

ಸ್ಕ್ಯಾನಿಂಗ್ ಚೀಟಿ ಓದುವುದರಲ್ಲೂ ಎಚ್ಚರ ಬೇಕು. ಹಡೆದ ಹೆಂಗಸಿನ ಗರ್ಭಚೀಲ 8 ಸೆಂಟಿಮೀಟರಿಗಿಂತ ತುಸು ಉದ್ದವಿರುವುದು ಸಹಜ. ಚೀಟಿಯಲ್ಲಿ "ಬಲ್ಕಿ" ಎಂದಿದ್ದರೆ ಅದು ರೋಗವೆಂದಾಗದು. ಒಳಪದರದ ದಪ್ಪ ತಿಂಗಳೊಳಗೇ ಬದಲಾಗುತ್ತದೆ. ಮುಟ್ಟಾದ ಕೂಡಲೇ 4 ಮಿಲಿಮೀಟರ್ ಇದ್ದದ್ದು ಮುಂದಿನ ಮುಟ್ಟಿಗೆ ಮುಂಚೆ 14ರ ಸಮೀಪ ಬಂದರೂ ಆರೋಗ್ಯವೇ. ಫೈಬ್ರಾಯ್ಡಿನಲ್ಲಿ ಅಳತೆಗಿಂತ ಅದಿರುವ ಜಾಗ ಮುಖ್ಯ. ಒಳಪದರಕ್ಕೆ ಒತ್ತಿಕೊಂಡ 2 ಸೆಂ.ಮೀ. ಗಡ್ಡೆ ರಕ್ತ ಸುರಿಸಬಲ್ಲದು, ಹೊರಮೈಗೆ ಅಂಟಿದ 6 ಸೆಂ.ಮೀ. ಗಡ್ಡೆ ಏನೂ ಮಾಡದೆ ಇರಬಲ್ಲದು. 50ರ ವಯಸ್ಸಿಗೆ ಹೆಂಗಸರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಗೆ ಗಡ್ಡೆ ಇರುತ್ತದೆಂದು ಅಮೆರಿಕದ ಸ್ಕ್ಯಾನಿಂಗ್ ಅಧ್ಯಯನವೊಂದು ಕಂಡುಕೊಂಡಿದೆ. ಮುಟ್ಟು ನಿಂತ ಮೇಲೆ ಅವು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. 46ರ ಹೆಂಗಸು ನಾಲ್ಕಾರು ವರ್ಷ ಔಷಧದಲ್ಲಿ ದಾಟಿದರೆ ಸಾಕಾಗಬಹುದು.

ಮದ್ದು, ಕೂಲಿ, ಬಡ್ಡಿ

ಔಷಧಗಳ ಬಲವನ್ನು ಅದೇ 160 ಮಿ.ಲೀ.ಗೆ ಹಚ್ಚಿ ನೋಡಬಹುದು. ಮೆಫೆನಾಮಿಕ್ ಆಸಿಡ್ ಬಗೆಯ ನೋವಿನ ಮಾತ್ರೆ ಕಾಲು ಭಾಗ ತಗ್ಗಿಸಿದರೆ 120ಕ್ಕೆ ಇಳಿಯುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಶೇ 40ರಿಂದ 50 ತಗ್ಗಿಸುತ್ತದೆ. ಅಲ್ಲಿಗೆ 80ರಿಂದ 96. ಅದರ ರೂಢಿಯ ಪ್ರಮಾಣ ದಿನಕ್ಕೆ ಮೂರು ಸಲ 1 ಗ್ರಾಂ, ಹೆಚ್ಚು ಹೋಗುವ ನಾಲ್ಕು ದಿನ. 500ರ ಮಾತ್ರೆಯಾದರೆ ತಿಂಗಳಿಗೆ 24. ನಮ್ಮಲ್ಲಿ ಬಹಳ ಸಲ ನಡೆಯುವುದು ದಿನಕ್ಕೊಂದೋ ಎರಡೋ ನುಂಗಿ "ಹತ್ತಲಿಲ್ಲ" ಎನ್ನುವುದು. ಕಾಲುಭಾಗ ಪ್ರಮಾಣ ಕೊಟ್ಟು ಔಷಧ ಸೋತಿತು ಎನ್ನಲಾಗದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದವರು ಇದನ್ನು ತೆಗೆದುಕೊಳ್ಳಬಾರದು.

ಒರ್ಮೆಲಾಕ್ಸಿಫೀನ್ ನಮ್ಮ ದೇಶದ್ದೇ ಸಂಶೋಧನೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 1991ರಲ್ಲಿ ಗರ್ಭನಿರೋಧಕವಾಗಿ ಬಂತು. ಈಗ 'ಛಾಯಾ' ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಅತಿಸ್ರಾವಕ್ಕೆ ವೈದ್ಯರು ಬಳಸುವ ಕ್ರಮದಲ್ಲಿ 60 ಮಿ.ಗ್ರಾಂ ವಾರಕ್ಕೆರಡು ಸಲ 12 ವಾರ, ಆಮೇಲೆ ವಾರಕ್ಕೊಮ್ಮೆ 12 ವಾರ. ಒಟ್ಟು 36 ಡೋಸು, ಆರು ತಿಂಗಳು. ಎಲ್ಲರಿಗೂ ಆಗುವಂಥದ್ದಲ್ಲ, ವೈದ್ಯರೇ ನಿರ್ಧರಿಸಬೇಕು. ಆದರೆ ಚಿಕಿತ್ಸೆಯ ಪಟ್ಟಿಯಲ್ಲಿ ಇದರ ಹೆಸರೇ ಬರದಿರುವುದು ಸರಿಯಲ್ಲ.

ಎಲ್ಲಕ್ಕಿಂತ ಬಲವಾದದ್ದು ಹಾರ್ಮೋನ್ ಇರುವ ವಂಕಿ. 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ತುಂಬಿದ ಇದನ್ನು ಗರ್ಭಚೀಲದೊಳಗೆ ಇಟ್ಟರೆ ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಸ್ರಾವವನ್ನು ಶೇ 71ರಿಂದ 95ರಷ್ಟು ತಗ್ಗಿಸುತ್ತದೆ. ನಮ್ಮ 160 ಮಿ.ಲೀ. 8ರಿಂದ 46ರೊಳಗೆ ಬರುತ್ತದೆ. ಇದಕ್ಕೆ ಮೊದಲೇ ಕೆಲವು ಸಾವಿರ ರೂಪಾಯಿ ಬೀಳುತ್ತದೆ, ಮೊದಲ ಮೂರ್ನಾಲ್ಕು ತಿಂಗಳು ಹನಿಹನಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಮುಂಚೆಯೇ ಹೇಳದಿದ್ದರೆ ಎರಡೇ ತಿಂಗಳಿಗೆ ತೆಗೆಸಿಬಿಡುತ್ತಾರೆ. ತೆಗೆದುಕೊಳ್ಳುವ ಖರ್ಚನ್ನು 60 ತಿಂಗಳಿಗೆ ಹಂಚಿದರೆ ಯಾವ ಶಸ್ತ್ರಚಿಕಿತ್ಸೆಯ ಸಾಲದ ಬಡ್ಡಿಗಿಂತಲೂ ಕಡಿಮೆ.

ಬಡ್ಡಿಯ ಲೆಕ್ಕವನ್ನೂ ಮಾಡೋಣ. ಖಾಸಗಿಯಲ್ಲಿ ಆಪರೇಶನ್ನಿಗೆ ₹40,000 ಸಾಲ ತಂದರೆಂದು ಇಟ್ಟುಕೊಳ್ಳಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ಬದಲಾಗುತ್ತದೆ. ನೂರಕ್ಕೆ ಮೂರರ ಬಡ್ಡಿಯಾದರೆ ತಿಂಗಳಿಗೆ ₹1,200, ವರ್ಷಕ್ಕೆ ₹14,400. ಗೃಹಲಕ್ಷ್ಮಿ ಯೋಜನೆಯ ತಿಂಗಳ ₹2,000ದಲ್ಲಿ ಕೈಯಲ್ಲಿ ಉಳಿಯುವುದು ₹800. ಹೊಟ್ಟೆ ಕೊಯ್ದು ತೆಗೆದಿದ್ದರೆ ಭಾರದ ಕೆಲಸಕ್ಕೆ 6ರಿಂದ 8 ವಾರ ಹೋಗುವಂತಿಲ್ಲ. ಉದ್ಯೋಗ ಖಾತ್ರಿಯ 2025-26ರ ಕೂಲಿ ₹370ರಂತೆ ಹಿಡಿದರೆ 42 ದಿನಕ್ಕೆ ₹15,540, 56 ದಿನಕ್ಕೆ ₹20,720.

ಹಾಗೆಂದು ಚೀಲ ಉಳಿಸಿಕೊಂಡು ಒದ್ದಾಡುವುದೂ ಪುಕ್ಕಟೆಯಲ್ಲ. ತಿಂಗಳಿಗೆ ಮೂರು ದಿನ ಕೆಲಸ ತಪ್ಪಿದರೆ ವರ್ಷಕ್ಕೆ 36 ದಿನ, ₹13,320. ಈ ಅಂಕಿ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಬರುವುದಿಲ್ಲ. ಮೂರು ವರ್ಷ ಹೀಗೇ ಸುಸ್ತಿನಲ್ಲಿ ದುಡಿದವಳು "ತೆಗೆದು ಒಗೀರಿ ಅದನ್ನ" ಎಂದರೆ ಅವಳನ್ನು ತಿಳಿವಳಿಕೆಯಿಲ್ಲದವಳು ಎನ್ನುವ ಹಕ್ಕು ಯಾರಿಗೂ ಇಲ್ಲ. ಅವಳೆದುರಿಗೆ ಇಟ್ಟದ್ದು ಎರಡೇ ಆಯ್ಕೆ: ಒದ್ದಾಟ ಅಥವಾ ಕೊಯ್ತ. ನಡುವಿನ ನಾಲ್ಕಾರು ಮೆಟ್ಟಿಲುಗಳನ್ನು ಅವಳಿಗೆ ತೋರಿಸಿದವರಿಲ್ಲ. ಔಷಧ, ವಂಕಿ ಎಲ್ಲ ಸರಿಯಾದ ಪ್ರಮಾಣದಲ್ಲಿ ಸೋತ ಮೇಲೆ, ದೊಡ್ಡ ಗಡ್ಡೆಯೋ ತೀವ್ರ ಅಡಿನೊಮಯೋಸಿಸ್ಸೋ ಇರುವಾಗ, ಗರ್ಭಚೀಲ ತೆಗೆಯುವುದು ಒಳ್ಳೆಯ ಚಿಕಿತ್ಸೆಯೇ. ಎಷ್ಟೋ ಹೆಂಗಸರಿಗೆ ಅದು ಬದುಕು ಮರಳಿಸಿದೆ.

ಖರ್ಚು ತಗ್ಗಿಸುವ ದಾರಿಗಳೂ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಬ್ಬಳ್ಳಿಯವರೆಗೆ ಹೆಂಗಸಿಗೆ ಬಸ್ಸು ಉಚಿತ; ಜೊತೆಗೆ ಗಂಡನ ಬದಲು ಅತ್ತೆಯೋ ತಂಗಿಯೋ ಹೋದರೆ ಇಬ್ಬರದೂ ಉಚಿತ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ವೆಚ್ಚದ ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಮರಳಿ ಬಂದಿದೆ. ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ ₹500 ವಂತಿಗೆ. ಆರೋಗ್ಯ ಕರ್ನಾಟಕದಲ್ಲಿ ಹೆಚ್ಚಿನ ಚಿಕಿತ್ಸೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು, ಇಲ್ಲವಾದರೆ ಅಲ್ಲಿಂದ ಶಿಫಾರಸು ಚೀಟಿ ಬೇಕು. ಹಾಗಾಗಿ ದಾರಿ ತಾಲೂಕು ಆಸ್ಪತ್ರೆಯಿಂದಲೇ ಶುರುವಾಗಲಿ. ಮೊದಲೇ ಖಾಸಗಿಗೆ ಹೋದವರು ಕಾರ್ಡಿದ್ದೂ ಕೈಯಿಂದ ಕಟ್ಟುತ್ತಾರೆ.

ಪಕ್ಕದ ಜಿಲ್ಲೆಯ ಅಂಕಿಗಳು

ಅವಸರದ ಪರಿಣಾಮ ಏನೆಂದು ನೋಡಲು ದೂರ ಹೋಗಬೇಕಿಲ್ಲ. ಮುಂಡಗೋಡದ ಪೂರ್ವಕ್ಕಿರುವ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ, ಸರ್ಕಾರಿ ಆಸ್ಪತ್ರೆಯೊಂದರಲ್ಲೇ ಸುಮಾರು ಒಂದೂವರೆ ಸಾವಿರ ಹೆಂಗಸರ ಗರ್ಭಚೀಲ ತೆಗೆಯಲಾಗಿದೆ ಎಂಬ ಆರೋಪ ಎದ್ದಿತು. ಅವರಲ್ಲಿ ಲಂಬಾಣಿ ತಾಂಡಾಗಳವರು ಬಹಳ. ಪರಿಹಾರಕ್ಕಾಗಿ ಆ ಹೆಂಗಸರೇ ಬೀದಿಗಿಳಿದರು. ಅದಕ್ಕೂ ಮೊದಲು, 2015ರಲ್ಲಿ ಕಲಬುರಗಿಯಲ್ಲಿ ಹೊರಬಿದ್ದ ಪ್ರಕರಣದ ಅಂಕಿ 30 ತಿಂಗಳಲ್ಲಿ 2,258. ಅಂದರೆ ತಿಂಗಳಿಗೆ 75, ದಿನಕ್ಕೆ ಎರಡೂವರೆ. ಅವರಲ್ಲಿ ಅರ್ಧದಷ್ಟು ಮಂದಿ 35 ವಯಸ್ಸಿನ ಕೆಳಗಿನವರು. ಹೆಚ್ಚಿನವರು ದಲಿತರು, ಲಂಬಾಣಿಗರು. ಬೆನ್ನುನೋವು, ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರೂ ಅದರಲ್ಲಿದ್ದರು. ನಾಲ್ಕು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಿಗೆ ಆಗ ಆದೇಶವಾಯಿತು. ಒಂದು ಸರ್ಕಾರಿ, ಇನ್ನೊಂದು ಖಾಸಗಿ. ತಪ್ಪು ಒಂದೇ ಬದಿಯದೆಂದು ಹೇಳಲಾಗದು.

ದೇಶದಲ್ಲಿ ಗರ್ಭಚೀಲ ತೆಗೆಸಿಕೊಂಡವರ ನಡುವಯಸ್ಸು ಸುಮಾರು 34. ಮೂರರಲ್ಲಿ ಎರಡು ಪಾಲು ಖಾಸಗಿಯಲ್ಲಿ. ಅರ್ಧಕ್ಕಿಂತ ಹೆಚ್ಚು ಮಂದಿ ಕೊಟ್ಟ ಕಾರಣ ಅತಿಸ್ರಾವ ಅಥವಾ ನೋವು. ಇದರ ಜೊತೆ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು: ಕರ್ನಾಟಕದಲ್ಲಿ ಮದುವೆಯಾದ ಈ ವಯಸ್ಸಿನ ಹೆಂಗಸರಲ್ಲಿ ಶೇ 57.4 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಇಪ್ಪತ್ತರ ಹರೆಯದಲ್ಲೇ ಆಪರೇಶನ್ ಮುಗಿಸಿದ ಮೇಲೆ, ಇನ್ನು ಚೀಲದ ಕೆಲಸವೇನು ಎಂಬ ಭಾವನೆ ಮನೆಯವರಲ್ಲೂ ಡಾಕ್ಟರಲ್ಲೂ ನೆಲೆಸಿಬಿಡುತ್ತದೆ. ಆದರೆ ಅಂಡಾಶಯ ಉಳಿಸಿ ಚೀಲವನ್ನಷ್ಟೇ ತೆಗೆದರೂ ಮುಟ್ಟುನಿಲ್ಲುವ ಹಾರ್ಮೋನ್ ಬದಲಾವಣೆ ಸರಾಸರಿ 3.7 ವರ್ಷ ಮೊದಲೇ ಬಂದದ್ದನ್ನು 2005ರ ನ್ಯೂಜಿಲೆಂಡ್ ಅಧ್ಯಯನ ಕಂಡಿದೆ. ಅಂಡಾಶಯವನ್ನೂ ತೆಗೆದರೆ ಅದು ಮರುದಿನದಿಂದಲೇ ಆರಂಭ. 34ರಲ್ಲಿ ತೆಗೆದರೆ ಮೂಳೆ, ಹೃದಯಕ್ಕೆ ಸಿಗಬೇಕಾದ ಹತ್ತಾರು ವರ್ಷದ ಆಸರೆ ತಪ್ಪುತ್ತದೆ. ಕಳೆ ಕೀಳುವ, ಹೊರೆ ಹೊರುವ ಬೆನ್ನಿಗೆ ಅದು ಸಣ್ಣ ಮಾತಲ್ಲ.

2013ರಲ್ಲಿ ವೈದ್ಯ ನರೇಂದ್ರ ಗುಪ್ತಾ ಬಿಹಾರ, ಛತ್ತೀಸಗಢ, ರಾಜಸ್ಥಾನದ ಪ್ರಕರಣಗಳನ್ನಿಟ್ಟು ಸುಪ್ರೀಂ ಕೋರ್ಟಿಗೆ ಹೋದರು. 2023ರ ಏಪ್ರಿಲ್ 5ರಂದು ತೀರ್ಪು ಬಂತು: ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳೊಳಗೆ ಜಾರಿಗೆ ತರಬೇಕು, ಅನಗತ್ಯವಾಗಿ ಅಥವಾ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ತೆಗೆದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು. ಮಾರ್ಗಸೂಚಿಯಲ್ಲಿ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕೆಂದಿದೆ. 40ರ ಕೆಳಗಿನವರಿಗೆ ತೆಗೆದರೆ ಕಾರಣ ದಾಖಲಿಸಬೇಕೆಂದಿದೆ. ಜಿಲ್ಲಾ ಸಮಿತಿಗಳಿಗೆ ಬರುವ ಈ ಅಂಕಿಯನ್ನು ತಾಲೂಕುವಾರು, ವಯಸ್ಸುವಾರು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬುದು ನನ್ನ ಒತ್ತಾಯ. ಮುಂಡಗೋಡದ ಹೆಂಗಸಿಗೆ ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಆದ ಶಸ್ತ್ರಚಿಕಿತ್ಸೆ ಅವಳ ಊರಿನ ಲೆಕ್ಕಕ್ಕೆ ಬರಬೇಕು. ಇಲ್ಲದಿದ್ದರೆ ಗಡಿಯಲ್ಲಿರುವ ಇಂಥ ತಾಲೂಕು ಯಾವ ಜಿಲ್ಲೆಯ ಕಡತದಲ್ಲೂ ಕಾಣಿಸದು.

ಶಸ್ತ್ರಚಿಕಿತ್ಸೆ ಆಗಿಯೇ ಹೋಗಿದ್ದರೂ ಕೈಗೆ ಬರಬೇಕಾದ ಒಂದು ಕಾಗದವಿದೆ. ತೆಗೆದ ಗರ್ಭಚೀಲವನ್ನು ಪ್ರಯೋಗಾಲಯಕ್ಕೆ ಕಳಿಸಿ ತುಣುಕು ಪರೀಕ್ಷೆ ಮಾಡಿಸಲೇಬೇಕು. ಒಳಗೆ ನಿಜವಾಗಿ ಏನಿತ್ತು, ಗಡ್ಡೆಯೋ ಅಡಿನೊಮಯೋಸಿಸ್ಸೋ ಪಾಲಿಪ್ಪೋ ಅಥವಾ ಏನೂ ಇರಲಿಲ್ಲವೋ ಎಂದು ಹೇಳುವುದು ಆ ವರದಿ. ಅಂಡಾಶಯ ಉಳಿದಿದೆಯೇ ಹೋಗಿದೆಯೇ ಎಂಬುದೂ ಅದರಲ್ಲೇ ತಿಳಿಯುತ್ತದೆ. ಐದು ವರ್ಷದ ನಂತರ ಮೈ ಬಿಸಿಯಾಗಿ ಬೆವರುವಾಗ, ಮೂಳೆ ಸವೆದಾಗ ಮುಂದಿನ ವೈದ್ಯರು ಮೊದಲು ಕೇಳುವುದು ಅದನ್ನೇ. ವರದಿ ಬರಲು ಒಂದೆರಡು ವಾರ ಹಿಡಿಯುತ್ತದೆ. ಹೊಲಿಗೆ ಬಿಚ್ಚಿಸಲು ಹೋದ ದಿನ ಬಂದಿರದಿದ್ದರೆ ಚೀಟಿಯ ಮೇಲೆ ಯಾವ ತಾರೀಖಿಗೆ ಎಂದು ಬರೆಸಿಕೊಂಡು, ಆ ತಾರೀಖಿಗೆ ಮತ್ತೆ ಹೋಗಿ ತರಬೇಕು. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ.